ಸಭೆಯ ಯುವಕರು ಯಾರನ್ನು ನೋಡಿ ಕಲಿಯಬೇಕು, ಹೇಗೆ?

ಡೊಂಬಿವಲಿ ಯೂತ್

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆ. ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ 18ರಿಂದ 25ರೊಳಗಿನವರು ಹನ್ನೆರಡು ಮಂದಿ ಇದ್ದಾರೆ. ದೀಕ್ಷಾಸ್ನಾನ ಆಗಿದೆ, ಹಾಡೋದು ಗೊತ್ತು, ವಾಕ್ಯದ (ಬೈಬಲಿನ) ಕ್ವಿಜ್‌ನಲ್ಲಿ ಬಹುಮಾನವೂ ತರ್ತಾರೆ. ಬೆಳವಣಿಗೆ ಮಾತ್ರ ಅಲ್ಲೇ ನಿಂತಿದೆ. ಮೊಬೈಲ್‌ನಲ್ಲಿ ಪ್ರಸಂಗಿಗಳ ಕ್ಲಿಪ್ ನೋಡಿ ಅವರ ಧಾಟಿಯಲ್ಲೇ ಮಾತಾಡ್ತಾರೆ. ಬೆಳಿಗ್ಗೆ ಕಟ್ಟಡ ಮರಾಠಿ ಸಭೆಯವರದ್ದು, ನಮ್ಮ ಆರಾಧನೆ ಸಂಜೆ ನಾಲ್ಕಕ್ಕೆ. ಆಶೀರ್ವಾದ ಆಗಿದ್ದೇ ತಡ, ಎಲ್ಲರೂ ಸ್ಟೇಷನ್ ಕಡೆ ಓಟ. ಹಿರಿಯರ ಬದುಕು ಇವರ ಕಣ್ಣಿಗೆ ಬೀಳೋದೇ ಇಲ್ಲ. ಒಬ್ಬೊಬ್ಬ ಹಿರಿಯರ ಜೊತೆ ಒಬ್ಬಿಬ್ಬರನ್ನು ಸೇರಿಸೋಣ ಅಂತ ಕಮಿಟಿಯಲ್ಲಿ ಮಾತು ಬಂದಿದೆ. ಯಾರನ್ನು ಆರಿಸೋದು, ಕೂತು ಏನು ಮಾಡೋದು, ಎಲ್ಲಿ ಕೆಡುತ್ತೆ? ತಿಳಿದವರು ಬಿಡಿಸಿ ಹೇಳಿ.

ಕುರ್ಲಾ ಸಭಾಹಿರಿಯ

ತಮ್ಮಾ, ಮೊದಲು ಫಿಲಿಪ್ಪಿ 3:17 ತೆಗೆದು ನೋಡು. ಪೌಲ ‘ನನ್ನನ್ನು ಅನುಸರಿಸಿ’ ಅಂತ ಹೇಳಿ ನಿಲ್ಲಿಸಲಿಲ್ಲ, ಇದೇ ಮಾದರಿಯಲ್ಲಿ ನಡೆಯುವ ಬೇರೆಯವರನ್ನೂ ಗಮನಿಸಿ ಅಂತ ಸೇರಿಸಿದ. ಹಾಗಾಗಿ ಒಬ್ಬ ಹುಡುಗನಿಗೆ ಒಬ್ಬನೇ ಮಾದರಿ ಅಂತ ಕಟ್ಟಿಹಾಕಬೇಡಿ. ಪಕ್ಕದಲ್ಲಿ ಕೂರುವವರು ಒಬ್ಬರಾದರೂ ನೋಡಿ ಕಲಿಯುವವರು ಮೂರು ನಾಲ್ಕು ಮಂದಿ ಇರಲಿ.

ಆರಿಸುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಚೆನ್ನಾಗಿ ಪ್ರಸಂಗ ಮಾಡುವವರನ್ನೇ ಹಿಡಿಯುತ್ತಾರೆ. ಇಬ್ರಿಯ 13:7ರಲ್ಲಿ ನೋಡಲು ಹೇಳಿರುವುದು ವಾಕ್ಯ ತಿಳಿಸಿದವರ ನಡತೆ ಕೊನೆಗೆ ಎಲ್ಲಿಗೆ ಮುಟ್ಟಿತು ಅನ್ನುವುದನ್ನು. ಅನುಸರಿಸಲು ಹೇಳಿರುವುದು ಅವರ ನಂಬಿಕೆಯನ್ನು, ಅವರ ದನಿಯನ್ನಲ್ಲ. ಅಂದರೆ ಹತ್ತು ಹದಿನೈದು ವರ್ಷ ಕಣ್ಣೆದುರು ಬಾಳಿದವರು ಬೇಕು. ಹೋದ ವರ್ಷ ನಂಬಿಕೆಗೆ ಬಂದು ಈಗ ಮೈಕ್ ಹಿಡಿದವನು ಎಷ್ಟೇ ಉರಿಯುತ್ತಿರಲಿ, ಸ್ವಲ್ಪ ತಡೆಯಿರಿ. ಹೊಸ ವಿಶ್ವಾಸಿಗೆ ಅಧ್ಯಕ್ಷತನ ಕೊಟ್ಟರೆ ಉಬ್ಬಿಹೋಗಿ ಬೀಳುತ್ತಾನೆ ಅಂತ 1 ತಿಮೊಥೆಯ 3:6ರಲ್ಲಿ ಎಚ್ಚರಿಸಿದೆ.

ವಿಚಾರಿಸುವುದು ಎಲ್ಲಿ? ಸಭೆಯಲ್ಲಲ್ಲ. ಮನೆಯವರ ಹತ್ತಿರ, ಅವರ ಕೈಕೆಳಗೆ ದುಡಿಯುವವರ ಹತ್ತಿರ. ಅದೇ ಅಧ್ಯಾಯದ 7ನೇ ವಚನದಲ್ಲಿ ಹೊರಗಿನವರಿಂದಲೂ ಒಳ್ಳೆ ಸಾಕ್ಷಿ ಇರಬೇಕು ಅಂತಿದೆ. ಚಾಳಿನ ಅಕ್ಕಪಕ್ಕದವರು, ಅಂಗಡಿಯ ಹುಡುಗ, ಸೊಸೈಟಿಯ ವಾಚ್‌ಮನ್ ಏನು ಹೇಳುತ್ತಾರೆ ಕೇಳಿ. ಯೋಹಾನನ ಮೂರನೇ ಪತ್ರಿಕೆ ಬರೀ ಒಂದು ಪುಟ, ಆದರೂ ಅದರಲ್ಲಿ ಎರಡು ಬಗೆಯವರು ಎದುರುಬದುರು ನಿಂತಿದ್ದಾರೆ: ಮೊದಲ ಸ್ಥಾನಕ್ಕೆ ಹಾತೊರೆಯುವ ದಿಯೊತ್ರೇಫ, ಎಲ್ಲರಿಂದಲೂ ಒಳ್ಳೆಯವನೆನಿಸಿಕೊಂಡ ದೇಮೇತ್ರಿಯ. ಕಮಿಟಿಯಲ್ಲಿ ಹೆಸರು ಬಂದಾಗ ಇವರಿಬ್ಬರನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಮಾತು. ಫಿಲಿಪ್ಪಿ 4:9ರಲ್ಲಿ ನಾಲ್ಕು ಕ್ರಿಯೆ ಇವೆ: ಕಲಿತದ್ದು, ಹೊಂದಿದ್ದು, ಕೇಳಿದ್ದು, ಕಂಡದ್ದು. ಮೊಬೈಲ್‌ನ ಪ್ರಸಂಗಿ ಕೊಡುವುದು ಕೇಳಿದ್ದನ್ನು ಮಾತ್ರ. ಆತ ಹೆಂಡತಿಯ ಹತ್ತಿರ ಹೇಗೆ ಮಾತಾಡುತ್ತಾನೆ, ಸಾಲದವನು ಬಾಗಿಲಿಗೆ ಬಂದರೆ ಏನು ಮಾಡುತ್ತಾನೆ ಅನ್ನುವುದು ಕ್ಲಿಪ್‌ನಲ್ಲಿ ಕಾಣುವುದಿಲ್ಲ. ಹಾಗಂತ ಕ್ಲಿಪ್ ನೋಡಬೇಡಿ ಅಂತ ಹುಡುಗರ ಮೇಲೆ ರೇಗಬೇಡಿ, ಪ್ರಯೋಜನವಿಲ್ಲ.

ವಾಶಿಯವ

ಬ್ರದರ್, ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಮನುಷ್ಯರನ್ನು ನೋಡಿದ ಸಭೆಗಳೆಲ್ಲ ಮುಗ್ಗರಿಸಿವೆ. ಯೇಸುವಿನ ಮೇಲೆ ದೃಷ್ಟಿಯಿಡಿ ಅಂತ ಇಬ್ರಿಯ 12:2 ಸ್ಪಷ್ಟವಾಗಿದೆ. ನಡುವೆ ಈ ಹಿರಿಯರು ಯಾಕೆ? ‘ನಮ್ಮ ಪಾಸ್ಟರ್ ಹೇಳಿದ್ರು’ ಅನ್ನೋ ರೋಗ ಈಗಲೇ ಸಾಕಷ್ಟಿದೆ.

ಪುಣೆ ವಾಕ್ಯಪಾಠ

ರೋಗ ಇರೋದು ನಿಜ ಸಹೋದರರೇ. ಆದರೆ ಆ ವಚನದ ಮೇಲಿನ ಸಾಲು ಬಿಡಬೇಡಿ. ಹನ್ನೊಂದನೇ ಅಧ್ಯಾಯದ ಉದ್ದಕ್ಕೂ ಹೇಬೆಲನಿಂದ ಹಿಡಿದು ನಂಬಿಕೆಯವರ ಸಾಲು ನಿಲ್ಲಿಸಿ, ಆ ಸಾಕ್ಷಿಗಳು ಮೇಘದಂತೆ ಸುತ್ತಲೂ ಇದ್ದಾರೆ ಅಂದ ಮೇಲೇ ಯೇಸುವಿನ ಮೇಲೆ ದೃಷ್ಟಿಯಿಡಿ ಅನ್ನೋದು. 1 ಕೊರಿಂಥ 11:1ರಲ್ಲೂ ಪೌಲ ತಾನು ಕ್ರಿಸ್ತನನ್ನು ಅನುಸರಿಸುವಷ್ಟಕ್ಕೆ ತನ್ನನ್ನು ಅನುಸರಿಸಿ ಅಂತ ಗೆರೆ ಎಳೆದಿದ್ದಾನೆ. ಆ ಗೆರೆ ದಾಟಿದಾಗ ಪೇತ್ರನಂಥವನನ್ನೂ ಎಲ್ಲರೆದುರಿಗೆ ತಡೆಯಬೇಕಾಯಿತು. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ (ಯೆಹೂದ್ಯರಲ್ಲದವರ) ಪಂಕ್ತಿಯಿಂದ ಎದ್ದುಹೋದ, ಅವನನ್ನು ನೋಡಿ ಬಾರ್ನಬನೂ ಎದ್ದ. ಗಲಾತ್ಯ 2:11-14 ಓದಿ. ದೊಡ್ಡವರ ತಪ್ಪು ಹೇಗೆ ಹಬ್ಬುತ್ತೆ, ಅದನ್ನು ಹೇಗೆ ತಡೆಯೋದು, ಎರಡೂ ಅಲ್ಲಿವೆ. ಜೋಡಿ ಮಾಡೋ ಮುಂಚೆ ಹಿರಿಯರಿಗೂ ಹುಡುಗರಿಗೂ ಈ ನಾಲ್ಕು ವಚನ ಒಟ್ಟಿಗೆ ಓದಿಸಿ.

ಇನ್ನು ಮಾದರಿಯಿಂದ ಏನನ್ನು ತೆಗೆದುಕೊಳ್ಳಬೇಕು ಅನ್ನೋದಕ್ಕೆ ನಮ್ಮ ಪಕ್ಕದ ಕೇಡಗಾಂವ್ ಸಾಕು. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಗಂಗಾಮೂಲದ ಕಾಡಿನಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಅವರ ಶಾಲೆ ಶಾರದಾ ಸದನ ಶುರುವಾಗಿ ಮರುವರ್ಷ ಪುಣೆಗೆ ಬಂತು. ದೀಕ್ಷಾಸ್ನಾನವಾಗಿ ಎಂಟು ವರ್ಷವಾದ ಮೇಲೆ ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಅನ್ನೋದು ಅವರಿಗೆ ಹೊಳೆಯಿತು. ಅದನ್ನು ಅವರೇ ಬರೆದಿಟ್ಟಿದ್ದಾರೆ. ನಿಮ್ಮ ಕ್ವಿಜ್ ಹುಡುಗರಿಗೆ ಇದನ್ನು ಓದಿ ಹೇಳಿ.

ಆಮೇಲೆ ಅವರನ್ನು ಅಲುಗಾಡಿಸಿದ್ದು ಮೂವರ ಸಾಕ್ಷಿ: ಬ್ರಿಸ್ಟಲ್‌ನ ಅನಾಥಾಲಯಗಳ ಜಾರ್ಜ್ ಮುಲ್ಲರ್, ಚೀನಾಕ್ಕೆ ಹೋದ ಹಡ್ಸನ್ ಟೇಲರ್, ಪೆಸಿಫಿಕ್‌ನ ನ್ಯೂ ಹೆಬ್ರಿಡೀಸ್ ದ್ವೀಪಗಳ ಜಾನ್ ಪೇಟನ್. ಮುಲ್ಲರ್ ತಾನೂ ಜರ್ಮನಿಯ ಹಾಲೆಯಲ್ಲಿ ಅನಾಥಾಲಯ ಕಟ್ಟಿದ ಫ್ರಾಂಕೆಯನ್ನು ನೋಡಿ ಕಲಿತವರು. ಟೇಲರ್ ಮುಲ್ಲರ್‌ನಿಂದ ಕಲಿತರು. ಒಬ್ಬರಿಂದೊಬ್ಬರಿಗೆ ದಾಟಿ ಅದು ಕೇಡಗಾಂವ್‌ಗೆ ಮುಟ್ಟಿತು. ಈ ದೇಶದಲ್ಲೂ ದೇವರನ್ನು ಹೀಗೆ ನಂಬಿ ಬಾಳಬಹುದೇ ಅಂತ ರಮಾಬಾಯಿ ಕೇಳಿಕೊಂಡರು. ತೆಗೆದುಕೊಂಡಿದ್ದು ಆ ನಂಬಿಕೆಯನ್ನು. ಬ್ರಿಸ್ಟಲ್‌ನ ನಕಲು ಮಾಡಲಿಲ್ಲ. 1896-97ರ ಬರದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವ್‌ನ ತಮ್ಮ ಆಶ್ರಮ ‘ಮುಕ್ತಿ’ಯಲ್ಲಿ ಹೊಲಗೆಲಸ, ನೇಯ್ಗೆ, ಅಚ್ಚಿನ ಕೆಲಸ ಕಲಿಸಿದರು. ಮೂಲಭಾಷೆಗಳನ್ನು ಕಲಿತು ತಾವೇ ಮಾಡಿದ ಮರಾಠಿ ಬೈಬಲಿಗೆ ಅಚ್ಚಿನ ಮೊಳೆ ಜೋಡಿಸಿದ್ದು ಆ ಹೆಣ್ಣುಮಕ್ಕಳೇ.

ಒಂದು ಎಚ್ಚರಿಕೆ, ಇದು ಈಗಿನವರಿಗೆ. ಮುಲ್ಲರ್ ಯಾರ ಹತ್ತಿರವೂ ಹಣ ಕೇಳಲಿಲ್ಲ ಅನ್ನೋದನ್ನು ಎಲ್ಲರೂ ಹೇಳ್ತಾರೆ. ಬಂದ ಪ್ರತಿ ಪೆನ್ನಿಗೂ ಲೆಕ್ಕವಿಟ್ಟು ವರದಿ ಅಚ್ಚು ಹಾಕಿಸ್ತಿದ್ದರು ಅನ್ನೋದನ್ನು ಬಿಡ್ತಾರೆ. ಲೆಕ್ಕ ಕೊಡದೆ ‘ನಂಬಿಕೆಯ ಸೇವೆ’ ಅನ್ನುವವರು ಮುಲ್ಲರ್‌ನ ಅರ್ಧವನ್ನಷ್ಟೇ ಅನುಸರಿಸ್ತಾ ಇದ್ದಾರೆ.

ಮಡಗಾಂವ್ ಧರ್ಮಕೇಂದ್ರ

ನಾವು ಕಥೋಲಿಕರು, ಮಂಗಳೂರು ಕಡೆಯವರು. ಆದರೂ ಎರಡು ಮಾತು ಸೇರಿಸುತ್ತೇನೆ. ಇದೇ ಗೋವೆಯ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜ್ 1681ರಿಂದ 84ರವರೆಗೆ ಇದ್ದದ್ದು ನಮ್ಮ ಕೆನರಾದಲ್ಲಿ: ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ. ಆಗ ಅಲ್ಲಿ ಪೋರ್ಚುಗೀಸರ ಕಡೆಯ ಅಧಿಕಾರಕ್ಕೂ ರೋಮ್ ನೇಮಿಸಿದ ಬಿಷಪರಿಗೂ ತಿಕ್ಕಾಟ ನಡೆಯುತ್ತಿತ್ತು. ಎರಡೂ ಕಡೆಯವರ ನಡುವೆ ನಿಂತು ಜನ ಒಡೆಯದ ಹಾಗೆ ನೋಡಿಕೊಂಡರು. ಕಮಿಟಿ ಜಗಳದಲ್ಲಿ ಮುಳುಗಿದವರು ಈ ಮೂರು ವರ್ಷಗಳನ್ನು ಓದಬೇಕು. ವಾಜ್ ಅಂದರೆ ಎಲ್ಲರೂ ಅವರ ಸಿಲೋನ್ (ಈಗಿನ ಶ್ರೀಲಂಕಾ) ಕಥೆಗೆ ಹಾರುತ್ತಾರೆ, ಕೆನರಾ ಬಿಟ್ಟುಹೋಗುತ್ತದೆ.

ಸಿಲೋನ್ ಕಥೆಯೂ ದೊಡ್ಡದೇ. ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರಿಂದ 1687ರಲ್ಲಿ ಕೂಲಿಯವನ ವೇಷದಲ್ಲಿ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಬಂದು ಜನ ಓಡಿದಾಗ ಸೋದರಳಿಯ ಜೋಸೆಫ್ ಕಾರ್ವಾಲೊ ಗುರುಗಳೊಂದಿಗೆ ರೋಗಿಗಳ ಆರೈಕೆಗೆ ನಿಂತರು. 1711ರಲ್ಲಿ ತೀರಿಕೊಂಡರು, 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು. ನೀವು ಕೇಳಿದ ವಿಷಯಕ್ಕೆ ಇನ್ನೂ ಹತ್ತಿರದ್ದು ಅವರ ಜೊತೆ ಸೇರಿದ ಗೋವೆಯ ದಿವಾಡಿಯ ಜಾಕೊಮ್ ಗೊನ್ಸಾಲ್ವೆಸ್. ವಾಜ್ ನಡೆದು ನಡೆದು ಕೆಲಸ ಮಾಡಿದವರು. ಗೊನ್ಸಾಲ್ವೆಸ್ ಸಿಂಹಳದಲ್ಲೂ ತಮಿಳಿನಲ್ಲೂ ಬರೆದರು. ಗುರುವಿನ ಭಕ್ತಿ ಹೌದು, ಗುರುವಿನ ಪಡಿಯಚ್ಚಲ್ಲ.

ಸಂತರ ಚರಿತ್ರೆ ಓದುವವರು ಅದ್ಭುತಗಳ ಪುಟ ತಿರುವಿ ಮುಚ್ಚುತ್ತಾರೆ. ನಾವು ಹುಡುಗರಿಗೆ ಮೂರೇ ಪ್ರಶ್ನೆ ಕೊಡುತ್ತೇವೆ: ಆಗ ಅವರ ಎದುರಿಗಿದ್ದ ಕಷ್ಟ ಏನು, ಅವರು ಏನು ಮಾಡಿದರು, ಅದಕ್ಕೆ ತೆತ್ತದ್ದೇನು. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಮತ್ತೊಮ್ಮೆ ಓದು.

ಡೊಂಬಿವಲಿ ಯೂತ್

ತುಂಬಾ ಉಪಯೋಗವಾಯ್ತು. ಕುರ್ಲಾ ಅಣ್ಣ, ಕೂತು ಮಾಡೋದರ ಬಗ್ಗೆ ಇನ್ನೂ ಹೇಳಲಿಲ್ಲ.

ಕುರ್ಲಾ ಸಭಾಹಿರಿಯ

ಹೇಳುತ್ತೇನೆ. ಹದಿನೈದು ದಿನಕ್ಕೊಮ್ಮೆ ಒಂದೂವರೆ ಗಂಟೆ, ಎಂಟು ಸಲ. ಅಲ್ಲಿಗೆ ನಾಲ್ಕು ತಿಂಗಳು. ‘ಜೀವನಪೂರ್ತಿ ಮಾರ್ಗದರ್ಶಕ’ ಅಂತ ಶುರು ಮಾಡಿದರೆ ಮೂರನೇ ವಾರಕ್ಕೇ ಇಬ್ಬರಿಗೂ ಬೇಜಾರಾಗಿ ಯಾರೂ ಬಾಯಿಬಿಡದೆ ನಿಂತುಹೋಗುತ್ತದೆ. ಮುಗಿಯುವ ದಿನ ಮೊದಲೇ ಗೊತ್ತಿದ್ದರೆ ಮುಂದುವರಿಸಲೂ ಬಿಡಲೂ ಮರ್ಯಾದೆಯ ದಾರಿ ಇರುತ್ತದೆ.

ಓದಲು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯೇ ಇರಲಿ. 104 ವಚನ, ಸೆರೆಯಿಂದ ಬರೆದದ್ದು, ಮಾದರಿಗಳೇ ತುಂಬಿವೆ. ಹಂಚಿಕೆ: 1:1-11, 1:12-30, 2:1-11, 2:12-30, 3:1-11, 3:12-21, 4:1-9, 4:10-23. ನಾಲ್ಕನೇ ಸಲ ಪೌಲನ ಜೊತೆಗಾರರಾದ ತಿಮೊಥೆಯನೂ ಎಪಫ್ರೊದೀತನೂ ಬರುತ್ತಾರೆ, ಅಲ್ಲಿ ಅವಸರ ಬೇಡ. ಎಪಫ್ರೊದೀತ ಪ್ರಸಂಗಿಯಾಗಿ ಕಾಣುವುದೇ ಇಲ್ಲ. ಫಿಲಿಪ್ಪಿಯ ಸಭೆ ಕೊಟ್ಟದ್ದನ್ನು ಪೌಲನಿಗೆ ತಲುಪಿಸಿದ, ಸಾಯುವಷ್ಟು ಕಾಯಿಲೆ ಬಿದ್ದ, ಆದರೂ ಊರಿನವರಿಗೆ ತನ್ನ ಸುದ್ದಿ ಗೊತ್ತಾಯಿತಲ್ಲಾ ಅಂತ ಕೊರಗಿದ. ಇಂಥವರನ್ನು ಮಾನ್ಯರೆಂದು ಎಣಿಸಿ ಅಂತ ಪೌಲ ಬರೆದದ್ದು ಇವನ ಬಗ್ಗೆ. ಮೈಕ್ ಸಿಗದೆ ಕೊರಗುವ ಹುಡುಗನಿಗೆ ಇದಕ್ಕಿಂತ ಒಳ್ಳೆ ಔಷಧಿ ಇಲ್ಲ.

ಒಂದೂವರೆ ಗಂಟೆಯಲ್ಲಿ ಮೊದಲ ಹತ್ತು ನಿಮಿಷ ಕಳೆದ ಸಲ ಒಪ್ಪಿದ್ದು ಏನಾಯಿತು ಅಂತ. ಅರ್ಧ ಗಂಟೆ ಗಟ್ಟಿಯಾಗಿ ಎರಡು ಸಲ ಓದಿ ಪ್ರಶ್ನೆ. ಮುಂದಿನ ಅರ್ಧ ಗಂಟೆ ಮಾತು, ಅದರಲ್ಲಿ ಹಿರಿಯ ಹತ್ತು ನಿಮಿಷಕ್ಕಿಂತ ಹೆಚ್ಚು ಮಾತಾಡಬಾರದು. ಇದು ಮುರಿಯುವ ನಿಯಮಗಳಲ್ಲೆಲ್ಲ ಮೊದಲನೆಯದು. ಹದಿನೈದು ನಿಮಿಷ ಪ್ರಾರ್ಥನೆ. ಕೊನೆಯ ಐದು ನಿಮಿಷದಲ್ಲಿ ಮುಂದಿನ ಸಲಕ್ಕೆ ಒಂದೇ ಒಂದು ಕೆಲಸ ಒಪ್ಪಿ ಬರೆದುಕೊಳ್ಳುವುದು, ಹಿರಿಯನೂ ತನ್ನದೊಂದನ್ನು. ‘ಇನ್ನು ಮೇಲೆ ಹೆಚ್ಚು ಪ್ರಾರ್ಥಿಸುತ್ತೇನೆ’ ಅಂತ ಬರೆದರೆ ಅಳೆಯಲು ಬರುವುದಿಲ್ಲ. ‘ಮಾತುಬಿಟ್ಟ ಅಣ್ಣನಿಗೆ ಬುಧವಾರದೊಳಗೆ ಫೋನ್ ಮಾಡುತ್ತೇನೆ’, ‘ಸಂಬಳ ಬಂದ ದಿನವೇ ಊರಿಗೆ ಕಳಿಸುವ ಹಣ ತೆಗೆದಿಡುತ್ತೇನೆ’ ಅನ್ನುವುದು ಆಗಿದೆಯೋ ಇಲ್ಲವೋ ತಿಳಿಯುತ್ತದೆ.

ಇಷ್ಟು ಮಾಡಿದರೂ ಅರ್ಧವೇ. ಕೂತು ಓದುವುದರಿಂದ ಮಾದರಿ ಕಾಣುವುದಿಲ್ಲ, ಒಟ್ಟಿಗೆ ಕೆಲಸಕ್ಕೆ ಹೋಗಬೇಕು. ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ನಮ್ಮ ಕಡೆಯಿಂದಲೂ ರೋಗಿಗಳು ಬರುತ್ತಾರೆ, ಭಾಷೆ ತಿಳಿಯದೆ ಒದ್ದಾಡುತ್ತಾರೆ. ಅಲ್ಲಿಗೆ ಕರೆದುಕೊಂಡು ಹೋಗಿ. ಮೊದಲ ಸಲ ಹುಡುಗ ಸುಮ್ಮನೆ ನೋಡಲಿ. ಹೇಗೆ ಕೈ ತೊಳೆದುಕೊಂಡು ಹೋಗುತ್ತಾರೆ, ಮಂಚದ ಮೇಲೆ ಕೂರದೆ ಸ್ಟೂಲ್ ಎಳೆದುಕೊಳ್ಳುತ್ತಾರೆ, ರೋಗದ ಬಗ್ಗೆ ಕೆದಕದೆ ಊಟ, ನಿದ್ದೆ, ಊರಿನ ಮಾತು ಕೇಳುತ್ತಾರೆ, ‘ಪ್ರಾರ್ಥನೆ ಮಾಡಬಹುದಾ’ ಅಂತ ಒಪ್ಪಿಗೆ ಕೇಳಿ ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಬೇಡ ಅಂದರೆ ಮುಖ ಸಣ್ಣ ಮಾಡದೆ ಅದೇ ಸ್ಟೂಲಿನಲ್ಲಿ ಕೂತಿರುತ್ತಾರೆ. ಹತ್ತು ಹದಿನೈದು ನಿಮಿಷ ಸಾಕು. ವಾಸಿಯಾಗೇ ಆಗುತ್ತದೆ ಅಂತ ಮಾತು ಕೊಡಕೂಡದು, ಔಷಧಿ ಬಿಡಿ ಅನ್ನಲೇಕೂಡದು. ಕೀಮೋ ಆದವರಿಗೆ ಸೋಂಕು ಬೇಗ ತಗಲುತ್ತದೆ, ಹಾಗಾಗಿ ಶೀತ ಕೆಮ್ಮು ಇದ್ದವರು ಆವತ್ತು ಹೋಗಬೇಡಿ. ಎರಡನೇ ಸಲ ಹುಡುಗ ಪ್ರಾರ್ಥಿಸಲಿ, ಮೂರನೇ ಸಲ ಮಾತೂ ಅವನದೇ. ಆಮೇಲೆ ಅವನು ಇನ್ನೊಬ್ಬನನ್ನು ಕರೆದುಕೊಂಡು ಹೋಗಲಿ. 2 ತಿಮೊಥೆಯ 2:2ರಲ್ಲಿ ಪೌಲ, ತಿಮೊಥೆಯ, ನಂಬಿಗಸ್ತರು, ಇತರರು ಅಂತ ನಾಲ್ಕು ತಲೆ ಲೆಕ್ಕ ಇದೆಯಲ್ಲ, ಅದು ನಡೆಯುವುದು ಹೀಗೆ.

ವಾಸ್ಕೋ ಅಕ್ಕ

ಅಣ್ಣಾರ ಹೇಳಿದ್ದು ಗಂಡಸರಿಗೆ ಸರಿ ಐತಿ. ನಮ್ಮ ಬಾಯ್ನಾ, ಝುವಾರಿನಗರದಾಗ ಇರೋ ವಿಜಯಪುರ, ಬಾಗಲಕೋಟಿ ಕಡೆ ಹೆಣ್ಮಕ್ಕಳು ಮುಂಜಾನೆ ನಾಕು ಮನಿ ಕೆಲಸ ಮಾಡಿ, ಸಂಜಿಗೆ ತಮ್ಮನಿ ರೊಟ್ಟಿ ಬಡೀತಾರ. ಒಂದೂವರೆ ತಾಸು ಎಲ್ಲಿಂದ ತರೋದ್ರಿ? ತೀತ 2:3-5ರಾಗ ಹಿರೇ ಹೆಣ್ಮಕ್ಕಳು ಕಿರಿಯರಿಗೆ ಕಲಸ್ಬೇಕು ಅಂತ ಐತಿ, ಮತ್ತ ಅಲ್ಲಿ ಹೇಳಿದ್ದೆಲ್ಲಾ ಮನಿಯೊಳಗಿಂದ. ಅದಕ್ಕ ರೊಟ್ಟಿ ಬಡಿಯೋ ಹೊತ್ತಿನ್ಯಾಗ ಇಪ್ಪತ್ತು ನಿಮಿಷ, ವಾರಕ್ಕೆ ಎರಡು ಸಲ. ಒಂದ ವಚನ. ಹಿರಿಯಾಕಿ ಮೂರು ಸಲ ಹೇಳ್ಬೇಕು, ಕಿರಿಯಾಕಿ ಮೂರು ಸಲ ತಿರುಗಿ ಹೇಳ್ಬೇಕು. ಓದಾಕ ಬರ್ಲಿಕ್ಕಂದ್ರೂ ನಡೀತೈತಿ. ಲೋವಿ, ಯೂನಿಕೆ ಅನ್ನೋ ಅಜ್ಜಿ, ತಾಯಿಯ ನಂಬಿಕೆನ ತಿಮೊಥೆಯಗ ದಾಟಿದ್ದು.

ಇನ್ನ ಕೆಡೋದರ ಮಾತು, ಇದು ಯಾರೂ ಬರೀಲಿಲ್ಲ. ಹೆಣ್ಮಕ್ಕಳ ಜೋಡಿ ಹೆಣ್ಮಕ್ಕಳ ಇರ್ಬೇಕು. ವಯಸ್ಸು ಎಷ್ಟ ಆಗಿರ್ಲಿ, ಒಬ್ಬ ಗಂಡಸು ಒಬ್ಬ ಹುಡುಗಿ ಬಾಗಿಲಾ ಹಾಕ್ಕೊಂಡು ಪ್ರಾರ್ಥನಿ ಅನ್ನೋದು ಬ್ಯಾಡ್ರಿ. ಹದಿನೆಂಟರ ಕೆಳಗಿನ ಮಕ್ಕಳ ಜೋಡಿ ಕೂಡೋದಿದ್ರ ತಂದಿತಾಯಿಗೆ ಹೇಳಿ, ನಾಕು ಮಂದಿ ಕಾಣೋ ಜಾಗದಾಗ. ಮಗು ಮೈಮ್ಯಾಲಿನ ದೌರ್ಜನ್ಯದ ಮಾತು ಹೇಳಿದ್ರ ಸಭಾದೊಳಗ ಪಂಚಾಯ್ತಿ ಮಾಡೂದಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಡೋದೂ ಅಪರಾಧ.

ಮತ್ತ ಗುಟ್ಟಿನ ಮಾತು. ಕಿರಿಯಾಕಿ ಗಂಡನ ಕುಡಿತದ ಬಗ್ಗೆ ಅತ್ತು ಹೇಳ್ತಾಳ, ಮರುದಿನ ಸ್ತ್ರೀಯರ ಕೂಟದಾಗ ‘ಅವರ ಮನಿಗೋಸ್ಕರ ಪ್ರಾರ್ಥನಿ ಮಾಡ್ರಿ’ ಅಂತ ಹೆಸರು ಬರ್ತೈತಿ. ಅಲ್ಲಿಗೆ ಮುಗೀತು. ಆಕಿ ಇನ್ನೊಮ್ಮೆ ಯಾರ ಮುಂದೂ ಬಾಯಿ ಬಿಡಂಗಿಲ್ಲ.

ಪಿಂಪ್ರಿಯಿಂದ

ಅಕ್ಕ ಹೇಳಿದ್ದಕ್ಕೆ ಹಣದ ವಿಷಯ ಸೇರಿಸಿ. ಹಿರಿಯ ಮತ್ತು ಕಿರಿಯನ ನಡುವೆ ಸಾಲ ಬೇಡ, ಒಂದೇ ಭಿಶಿಯಲ್ಲಿ (ಚೀಟಿ ಗುಂಪಿನಲ್ಲಿ) ಇಬ್ಬರೂ ಬೇಡ, ಎಲ್‌ಐಸಿ ಪಾಲಿಸಿ ಮಾರೋದು, ಪ್ಲಾಟ್ ತೋರಿಸೋದು, ನೆಟ್‌ವರ್ಕ್ ಮಾರ್ಕೆಟಿಂಗ್ ಯಾವುದೂ ಬೇಡ. ಮೊದಲ ದಿನವೇ ಇಬ್ಬರಿಗೂ ಹೇಳಿಬಿಡಿ. ಭಿಶಿಯ ಕಂತು ತಪ್ಪಿದ ಹುಡುಗ ಪ್ರಾರ್ಥನೆಗೂ ಬರೋದು ಬಿಡ್ತಾನೆ.

ವಾಶಿಯವ

ಗಲಾತ್ಯ ಭಾಗ ಓದಿದೆ, ಒಪ್ಪುತ್ತೇನೆ. ಆದರೆ ಹಿರಿಯನೇ ಬಿದ್ದರೆ? ಅವನನ್ನೇ ನಂಬಿದ ಹುಡುಗನ ಗತಿ?

ಪುಣೆ ವಾಕ್ಯಪಾಠ

ಮೊದಲ ಕೆಲಸ, ಹುಡುಗನಿಗೆ ಸುದ್ದಿ ಬೇರೆ ಬಾಯಿಂದ ತಲುಪೋ ಮುಂಚೆ ಸಭಾಪಾಲಕರೋ ಇನ್ನೊಬ್ಬ ಹಿರಿಯರೋ ಎದುರಿಗೆ ಕೂತು ಹೇಳೋದು. ‘ಏನೋ ಆರೋಗ್ಯ ಸರಿಯಿಲ್ಲ’ ಅಂತ ಸುಳ್ಳು ಹೇಳಿದರೆ, ನಿಜ ತಿಳಿದ ದಿನ ಅವನು ಇಡೀ ಸಭೆಯನ್ನೇ ನಂಬೋದಿಲ್ಲ. ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಂದ ಸ್ಥಿರಪಡಿಸಬೇಕು, ಪಾಪದಲ್ಲೇ ನಡೆಯೋ ಹಿರಿಯನನ್ನು ಎಲ್ಲರ ಮುಂದೆ ಗದರಿಸಬೇಕು ಅಂತ 1 ತಿಮೊಥೆಯ 5:19-20 ಹೇಳುತ್ತೆ. ಎರಡೂ ಬೇಕು. ನಾವು ಒಂದು ಕಡೆ ಗಾಳಿಮಾತಿಗೆ ಕಿವಿಗೊಡ್ತೀವಿ, ಇನ್ನೊಂದು ಕಡೆ ನಿಜವಾದ ದೂರನ್ನು ಮುಚ್ಚಿಹಾಕ್ತೀವಿ. ಅಕ್ಕ ಹೇಳಿದ ಮಕ್ಕಳ ವಿಷಯ ಈ ಲೆಕ್ಕದಲ್ಲಿ ಬರೋದಿಲ್ಲ, ಅದು ನೇರ ಪೊಲೀಸರಿಗೆ. ಆಮೇಲೆ ಹುಡುಗನ ಜೊತೆ ಕೂತು, ಆ ಹಿರಿಯರಿಂದ ಕಲಿತದ್ದರಲ್ಲಿ ವಾಕ್ಯದಿಂದ ಬಂದದ್ದು ಯಾವುದು, ಅವರದೇ ಯಾವುದು ಅಂತ ಬೇರೆ ಮಾಡಿಸಿ. ದೇಮನಂತೆ ಬಿಟ್ಟುಹೋದವರು ಪೌಲನ ಜೊತೆಯಲ್ಲೂ ಇದ್ದರು. ಸೇವೆಯ ಪ್ರಯಾಣದ ಅರ್ಧದಲ್ಲಿ ಹಿಂತಿರುಗಿದ ಮಾರ್ಕನನ್ನು ಬಾರ್ನಬ ಕೈಬಿಡಲಿಲ್ಲ, ಪೌಲನೇ ಕೊನೆಗೆ 2 ತಿಮೊಥೆಯ 4:11ರಲ್ಲಿ ಅವನನ್ನು ಕರೆದುಕೊಂಡು ಬಾ ಅಂತಾನೆ. ಬಿದ್ದವರಿಗೂ ದಾರಿ ಇದೆ. ಆದರೆ ಹಳೆಯ ಸ್ಥಾನಕ್ಕೆ ಮರುದಿನವೇ ಅಲ್ಲ.

ಡೊಂಬಿವಲಿ ಯೂತ್

ಬೆಳೆದಿದ್ದಾರೆ ಅಂತ ಗೊತ್ತಾಗೋದು ಹೇಗೆ? ಕಮಿಟಿಯವರು ರಿಪೋರ್ಟ್ ಕೇಳೇ ಕೇಳ್ತಾರೆ.

ಕುರ್ಲಾ ಸಭಾಹಿರಿಯ

ಹಾಜರಿ ಬಿಟ್ಟು ಬೇರೆ ರಿಪೋರ್ಟ್ ಕೊಡಬೇಡ. ಅಂಕ ಹಾಕಲು ಹೊರಟರೆ ಹುಡುಗರು ಅಂಕಕ್ಕೇ ಬದುಕುತ್ತಾರೆ. ನಿನಗೆ ತಿಳಿಯಬೇಕಾದರೆ ಇಬ್ರಿಯ 5:14 ನೋಡು. ಗಟ್ಟಿ ಆಹಾರ ತಿನ್ನುವ ಪ್ರಾಯಸ್ಥರು ಅಭ್ಯಾಸದಿಂದ ಒಳಿತು ಕೆಡುಕನ್ನು ವಿಂಗಡಿಸಬಲ್ಲವರು. ಹೊಸ ಕ್ಲಿಪ್ ಬಂದಾಗ ‘ಇದು ವಾಕ್ಯಕ್ಕೆ ಸರಿಯಾ’ ಅಂತ ಹುಡುಗ ತಾನೇ ತೆರೆದು ನೋಡುತ್ತಾನಾ? ಯಾರೂ ಹೇಳದೆ ಕ್ಷಮೆ ಕೇಳುತ್ತಾನಾ? ಹೆಸರು ಕರೆಯದಿದ್ದ ದಿನವೂ ಕುರ್ಚಿ ಜೋಡಿಸುತ್ತಾನಾ? ಉದ್ದದ ಪ್ರಾರ್ಥನೆ, ಉಪವಾಸದ ದಿನಗಳ ಲೆಕ್ಕ ಇವೆಲ್ಲ ನಕಲು ಮಾಡಲು ಸುಲಭ, ಅವುಗಳನ್ನು ನಂಬಬೇಡ.

ಡೊಂಬಿವಲಿ ಯೂತ್

ಸರಿ ಅಣ್ಣ. ಎರಡು ಸಣ್ಣ ಪ್ರಶ್ನೆ ಉಳಿದವು. ಅರ್ಧ ಹುಡುಗರಿಗೆ ಕನ್ನಡ ಮಾತು ಬರುತ್ತೆ, ಓದೋಕೆ ಬರಲ್ಲ. ಇಬ್ಬರಿಗೆ ನೈಟ್ ಶಿಫ್ಟ್.

ಪಿಂಪ್ರಿಯಿಂದ

ಇಲ್ಲೂ ಅದೇ ಪಾಡು. ಹಿರಿಯರು ಕನ್ನಡದಲ್ಲಿ ಗಟ್ಟಿಯಾಗಿ ಓದಲಿ, ಹುಡುಗ ಮರಾಠಿ ಅಥವಾ ಇಂಗ್ಲಿಷ್ ಬೈಬಲ್ ತೆರೆದಿಟ್ಟುಕೊಳ್ಳಲಿ. ಮರಾಠಿಯಲ್ಲಿ ‘ಫಿಲಿಪ್ಪೈಕರಾಂಸ ಪತ್ರ’ ಅಂತ ಹುಡುಕಿ, ಅಧ್ಯಾಯ ವಚನ ಅವೇ. ಪ್ರಾರ್ಥನೆ ಯಾವ ಭಾಷೆಯಲ್ಲಿ ಬರುತ್ತೋ ಅದರಲ್ಲೇ. ಲಿಪಿ ಕಲಿಸೋದನ್ನು ಇದರ ಜೊತೆ ಗಂಟು ಹಾಕಬೇಡಿ, ಎರಡೂ ಕೆಡುತ್ತೆ.

ನೈಟ್ ಶಿಫ್ಟ್‌ನವರನ್ನು ಶಿಫ್ಟ್ ಮುಗಿದ ಬೆಳಿಗ್ಗೆ ಕರೀಬೇಡಿ, ಕಣ್ಣು ಎಳೀತಿರುತ್ತೆ. ವಾರದ ರಜೆಯ ಮಧ್ಯಾಹ್ನ ಇಟ್ಟುಕೊಳ್ಳಿ. ಒಂದು ಸಲ ತಪ್ಪಿದರೆ ಫೋನ್‌ನಲ್ಲಿ ಮುಗಿಸದೆ ದಿನ ಮುಂದಕ್ಕೆ ಹಾಕಿ, ಎರಡು ಸಲ ಸಾಲಾಗಿ ತಪ್ಪಿದರೆ ಹಿರಿಯರೇ ಅವನಿರೋ ಕಡೆ ಹೋಗಲಿ. ಒಬ್ಬ ಹಿರಿಯರಿಗೆ ಇಬ್ಬರು, ಹೆಚ್ಚೆಂದರೆ ಮೂವರು. ನಿಮ್ಮ ಹನ್ನೆರಡು ಮಂದಿಗೆ ಐದಾರು ಹಿರಿಯರು ಬೇಕಾಗುತ್ತೆ, ಅದರಲ್ಲಿ ಹುಡುಗಿಯರಿಗೆ ಬೇಕಾದಷ್ಟು ಹೆಂಗಸರು. ಅಷ್ಟು ಸಿಗದಿದ್ದರೆ ಇಬ್ಬರು ಹಿರಿಯರು, ನಾಲ್ಕು ಹುಡುಗರಿಂದ ಶುರು ಮಾಡಿ, ಉಳಿದವರಿಗೆ ನಾಲ್ಕು ತಿಂಗಳು ಕಾಯಬೇಕು ಅಂತ ಈಗಲೇ ಹೇಳಿಬಿಡಿ.